ಲಿಫ್ಟಕ್ಕನ ಮೊದಲ ಓಟ

ಅವಳಿಗೆ ಲಿಫ್ಟಕ್ಕ ಎಂದು ಹೆಸರಿಟ್ಟವರು ಕಂಪನಿಯವರಲ್ಲ, ಕಟ್ಟಡಗಳ ಕಾವಲುಗಾರರು. ಟೂಲ್ ಬ್ಯಾಗನ್ನು ಹೆಗಲಿಗೇರಿಸಿ ಅವಳು ಗೇಟಿನ ಹತ್ತಿರ ಬಂದರೆ ಸಾಕು, "ಲಿಫ್ಟಕ್ಕ ಬಂದ್ರು, ಇನ್ನು ಮೆಟ್ಟಿಲು ಹತ್ತೋ ಕರ್ಮ ತಪ್ತು" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಕಂಪನಿಯ ಲೆಕ್ಕದಲ್ಲಿ ಅವಳು ಒಂದು ನಂಬರು, ಅಷ್ಟೆ. ವರ್ಷಕ್ಕೊಂದು ದಿನ ಮಾತ್ರ ಅವಳಿಗೆ ಬಿರುದುಗಳು ಸುರಿಯುತ್ತಿದ್ದವು: ದಿಟ್ಟ ಮಹಿಳೆ, ಮಾದರಿ ಮಹಿಳೆ, ಎತ್ತರಕ್ಕೇರಿದ ನಾರಿ. ಎತ್ತರಕ್ಕೇರುವುದು ಅವಳ ಕೆಲಸ, ಅದರಲ್ಲಿ ಹೊಗಳುವಂಥದ್ದೇನು ಎಂದು ಅವಳಿಗೆ ಅರ್ಥವಾಗುತ್ತಿರಲಿಲ್ಲ. ಇಳಿಯುವುದೂ ಅವಳ ಕೆಲಸವೇ ಆಗಿತ್ತು.

ಲಿಫ್ಟ್ ಎಂದರೆ ನಮ್ಮ ನಿಮ್ಮಂಥವರಿಗೆ ಒಂದು ಡಬ್ಬಿ, ನಾಲ್ಕು ಗುಂಡಿ, ಒಳಗೊಂದು ಕನ್ನಡಿ. ತಲೆ ನೇವರಿಸಿಕೊಳ್ಳುವಷ್ಟರಲ್ಲಿ ನಮ್ಮ ಮಹಡಿ ಬಂದಿರುತ್ತದೆ. ಆ ಡಬ್ಬಿ ಓಡಾಡುವ ಜಾಗವನ್ನು ಯಾರೂ ನೋಡಿರುವುದಿಲ್ಲ. ಕೆಲಸದವರು ಅದನ್ನು ಬಾವಿ ಎನ್ನುತ್ತಾರೆ. ಮೇಲಿಂದ ಕೆಳಗಿನವರೆಗೆ ಕತ್ತಲೆ, ಸಿಮೆಂಟಿನ ಧೂಳು, ಗೋಡೆಗೆ ಅಂಟಿಕೊಂಡ ಎರಡು ಉಕ್ಕಿನ ಹಳಿ. ಹಳಿ ನೆಟ್ಟಗಿದ್ದರೆ ಲಿಫ್ಟು ನೆಟ್ಟಗೆ. ಕೂದಲೆಳೆಯಷ್ಟು ವಾಲಿದರೂ ಡಬ್ಬಿ ನಡುಗುತ್ತದೆ, ಒಳಗಿದ್ದವರ ಎದೆಯೂ ನಡುಗುತ್ತದೆ. ಲಿಫ್ಟಕ್ಕನ ಕೆಲಸ ಆ ಹಳಿ ಕೂರಿಸುವುದು. ಬಾವಿಯ ನೆತ್ತಿಯಿಂದ ತೆಳು ಉಕ್ಕಿನ ತಂತಿಯೊಂದನ್ನು ಇಳಿಬಿಟ್ಟು, ಅದರ ತುದಿಗೆ ಕಬ್ಬಿಣದ ಗುಂಡು ಕಟ್ಟಿ, ಆ ಗುಂಡನ್ನು ಹಳೆಯ ಎಣ್ಣೆ ತುಂಬಿದ ಬಕೆಟ್ಟಿನಲ್ಲಿ ಮುಳುಗಿಸುತ್ತಾಳೆ. ಎಣ್ಣೆ ತಂತಿಯ ಓಲಾಟವನ್ನು ನುಂಗಿಕೊಳ್ಳುತ್ತದೆ. ತಂತಿ ಅಲುಗದೆ ನಿಂತ ಮೇಲೆ, ಸೊಂಟಕ್ಕೆ ಪಟ್ಟಿ, ಹಣೆಗೆ ದೀಪ ಕಟ್ಟಿಕೊಂಡು, ತಂತಿಗೂ ಹಳಿಗೂ ನಡುವಿನ ಅಂತರ ಅಳೆಯುತ್ತಾ ಬೋಲ್ಟು ಬಿಗಿಯುತ್ತಾ ತಿಂಗಳುಗಟ್ಟಲೆ ನೇತಾಡುತ್ತಾಳೆ. ಈ ಕೆಲಸಕ್ಕೆ ತೋಳಿನ ಬಲಕ್ಕಿಂತ ತಾಳ್ಮೆ ಹೆಚ್ಚು ಬೇಕು. ತಾಳ್ಮೆ ಅವಳಲ್ಲಿ ಬೇಕಾದಷ್ಟಿತ್ತು. ಅದೇ ಅವಳಿಗೆ ಮುಳುವಾಯಿತು ಎಂದರೂ ತಪ್ಪಿಲ್ಲ.

ಕಂಪನಿಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಲಿಫ್ಟು ಮೊಟ್ಟಮೊದಲ ಸಲ ಹಳಿಯುದ್ದಕ್ಕೂ ಓಡುವಾಗ ಡಬ್ಬಿಯ ಒಳಗೆ ನರಪಿಳ್ಳೆಯೂ ಇರಬಾರದು. ಡಬ್ಬಿಯ ನೆತ್ತಿಯ ಮೇಲೆ ಒಬ್ಬರೇ ಒಬ್ಬರು ನಿಂತು, ಅದನ್ನು ಅಂಗುಲ ಅಂಗುಲವಾಗಿ ಇಳಿಸುತ್ತಾ, ಹಳಿಯನ್ನು ಕಣ್ಣಿನಿಂದ, ಕಿವಿಯಿಂದ, ಅಂಗಾಲಿನಿಂದ ಪರೀಕ್ಷೆ ಮಾಡಬೇಕು. ಅದಕ್ಕೆ ಮೊದಲ ಓಟ ಎಂದು ಹೆಸರು. ಮೊದಲ ಓಟ ಓಡಿಸಿದವರೇ ಆ ಲಿಫ್ಟಿಗೆ ಇನ್‌ಚಾರ್ಜ್. ಅದು ಓಡಬೇಕೋ ನಿಲ್ಲಬೇಕೋ, ಅವರು ಹೇಳಿದ್ದೇ ವೇದವಾಕ್ಯ. ಒಂದು ಲಿಫ್ಟಿಗಾದರೂ ಇನ್‌ಚಾರ್ಜ್ ಆಗದವರು ಎಷ್ಟು ವರ್ಷ ಬೆವರು ಸುರಿಸಿದರೂ ಸಹಾಯಕರೇ. ಲಿಫ್ಟಕ್ಕ ಹದಿನಾರು ವರ್ಷದಿಂದ ಸಹಾಯಕಿ.

ಯಾರೂ ಅವಳನ್ನು ಬೇಕೆಂದು ತಡೆದಿರಲಿಲ್ಲ, ಅದೇ ಇದರಲ್ಲಿನ ದೊಡ್ಡ ತಮಾಷೆ. ವರ್ಷದ ಕೊನೆಗೆ ಕಂಪನಿಯ ಲಿಫ್ಟುಗಳೆಲ್ಲ ಒಟ್ಟೊಟ್ಟಿಗೆ ಸಿದ್ಧವಾಗುತ್ತವೆ, ಮೊದಲ ಓಟಗಳೆಲ್ಲ ಅದೇ ವಾರ. ಲಿಫ್ಟು ಒಪ್ಪಿಸಿಕೊಡಲು ದೊಡ್ಡ ಸಾಹೇಬರು ಊರಿಗೆ ಬರುವುದೂ ಅದೇ ವಾರ. ಸಾಹೇಬರು ಊರಿನಲ್ಲಿರುವಾಗಲೇ 'ತಾಂತ್ರಿಕ ಕ್ಷೇತ್ರದಲ್ಲಿ ಮಹಿಳೆ' ಎಂಬ ಸಮಾವೇಶವೂ ನಡೆಯಬೇಕು, ಇಲ್ಲದಿದ್ದರೆ ದೀಪ ಬೆಳಗುವವರು ಯಾರು, ಫೋಟೋದ ನಡುವೆ ನಿಲ್ಲುವವರು ಯಾರು? ಹೀಗೆ, ಹೆಣ್ಣುಮಕ್ಕಳನ್ನು ಮೇಲೆತ್ತುವ ಸಮಾವೇಶವು ಕಂಪನಿಯ ಹೆಣ್ಣು ಮೆಕ್ಯಾನಿಕ್ಕನ್ನು ಸರಿಯಾಗಿ ಮೊದಲ ಓಟದ ದಿನವೇ ಬಾವಿಯಿಂದ ಎತ್ತಿಕೊಂಡು ಹೋಗುತ್ತಿತ್ತು. ಅವಳು ವೇದಿಕೆಯ ಮೇಲೆ ನಿಂತು "ಹೆಣ್ಣುಮಕ್ಕಳು ಏನು ಬೇಕಾದರೂ ಮಾಡಬಲ್ಲರು" ಎನ್ನುವ ಹೊತ್ತಿಗೆ, ಅವಳು ಬಿಗಿದ ಹಳಿಯ ಮೇಲೆ ಮೀಸೆ ಇಳಿಯುತ್ತಿರುತ್ತಿದ್ದ.

ಮೀಸೆ ಎಂದರೆ ಅವಳ ಜೊತೆಯ ಮೆಕ್ಯಾನಿಕ್. ಅವಳಿಗಿಂತ ಆರು ವರ್ಷ ತಡವಾಗಿ ಬಂದವನು. ಮುಖಕ್ಕಿಂತ ಮೀಸೆಯೇ ದೊಡ್ಡದಾಗಿದ್ದರಿಂದ ಆ ಹೆಸರು. ಕೆಟ್ಟವನಲ್ಲ. ಅವಳ ಲಿಫ್ಟುಗಳಿಗೆ ತಾನು ಇನ್‌ಚಾರ್ಜ್ ಆದಾಗಲೆಲ್ಲ, "ಅಕ್ಕ, ಹೆಸರು ನಂದು, ಕೆಲಸ ನಿಮ್ದು" ಎನ್ನುತ್ತಿದ್ದ. ನಾಚಿಕೆಯಿಂದಲೇ ಎನ್ನುತ್ತಿದ್ದ. ಆದರೆ ನಾಚಿಕೊಂಡೇ ನಾಲ್ಕು ಲಿಫ್ಟಿಗೆ ಇನ್‌ಚಾರ್ಜ್ ಆಗಿ, ಈಗ ಅವಳ ರಜೆಗೆ ಅವನೇ ಒಪ್ಪಿಗೆ ಕೊಡುವ ಹಾಗಾಗಿತ್ತು.

ಸಮಾವೇಶದಿಂದ ಅವಳಿಗೆ ಸಿಕ್ಕಿದ್ದು ಗಾಜಿನ ಫಲಕಗಳು. ಒಂದೊಂದೂ ಇಟ್ಟಿಗೆಯಷ್ಟು ಭಾರ. ಅವಳ ಗಂಡ ಮನೆಯ ಮುಂದಿನ ಕೋಣೆಯಲ್ಲಿ ದರ್ಜಿ ಕೆಲಸ ಮಾಡುತ್ತಿದ್ದ. ಬಟ್ಟೆ ಕತ್ತರಿಸುವಾಗ ಅಂಚು ಸರಿಯದಂತೆ ಅವುಗಳನ್ನು ನಾಲ್ಕು ಮೂಲೆಗೂ ಇಡುತ್ತಿದ್ದ. "ಈ ಸಲದ್ದು ಸ್ವಲ್ಪ ಅಗಲವಾಗಿರೋದು ಕೊಡೋಕೆ ಹೇಳು, ಕೋಟಿನ ಬಟ್ಟೆಗೆ ಇವು ಸಾಲಲ್ಲ" ಎಂದು ಅವನು ರೇಗಿಸುತ್ತಿದ್ದ. ಅತ್ತೆ ಮಾತ್ರ ರೇಗಿಸುತ್ತಿರಲಿಲ್ಲ, ನೇರವಾಗಿ ಕುಟುಕುತ್ತಿದ್ದರು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ಏನೇ, ಇನ್ನೂ ಎಷ್ಟು ವರ್ಷ ಮುಡೀತೀಯ?"

ಹಾಗೆಂದು ಲಿಫ್ಟಕ್ಕ ಸಮಾವೇಶಗಳಿಗೆ ಹಿಡಿಶಾಪ ಹಾಕುವವಳಲ್ಲ. ಉಂಡ ಮನೆಯ ಜಂತೆ ಎಣಿಸುವ ಜಾಯಮಾನ ಅವಳದಾಗಿರಲಿಲ್ಲ. ಅವಳು ಈ ಕೆಲಸಕ್ಕೆ ಬಂದದ್ದೇ ಅಂಥದೊಂದು ಸಭೆಯಿಂದ. ಶಾಲೆಯ ಕೊನೆಯ ವರ್ಷ, ಹುಡುಗಿಯರನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ತಾಂತ್ರಿಕ ಶಾಲೆಯೊಂದಕ್ಕೆ ಕರೆದೊಯ್ದಿದ್ದರು. ವೇದಿಕೆಯ ಮೇಲೆ ಯಾರು ಏನು ಮಾತಾಡಿದರೋ, ಅವಳಿಗೆ ಒಂದಕ್ಷರವೂ ನೆನಪಿಲ್ಲ. ನೆನಪಿರುವುದು ಶೌಚಾಲಯದ ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದ ಒಬ್ಬ ಹೆಂಗಸು. ಬಂದರಿನಲ್ಲಿ ಕ್ರೇನ್ ಓಡಿಸುವವಳಂತೆ, ಭಾಷಣ ಮಾಡಲು ಕರೆಸಿದ್ದರಂತೆ. ತೋಳಿನ ಮಡಿಕೆಯಲ್ಲಿ ಗ್ರೀಸಿನ ಕಲೆ ಹಾಗೇ ಇತ್ತು. "ಅಲ್ಲಿ ಹೇಳಿದ್ದೆಲ್ಲ ಮರ್ತುಬಿಡು" ಎಂದಿದ್ದಳು ಆ ಹೆಂಗಸು. "ಇಲ್ಲಿ ಫಿಟ್ಟರ್ ಸೀಟು ಪ್ರತಿ ವರ್ಷ ಖಾಲಿ ಉಳೀತವೆ. ಹುಡುಗೀರು ಕೇಳಲ್ಲ ಅಂತ ಇವರು ಹೇಳಲ್ಲ, ಇವರು ಹೇಳಲ್ಲ ಅಂತ ಹುಡುಗೀರು ಕೇಳಲ್ಲ. ಈಗಲೇ ಹೋಗಿ ಕೇಳು." ಅವಳು ಹೋಗಿ ಕೇಳಿದಳು. ಸೀಟು ಸಿಕ್ಕಿತು.

ಆದ್ದರಿಂದ ಸಭೆಗಳಿಂದ ಏನೂ ಆಗುವುದಿಲ್ಲ ಎಂದು ಯಾರಾದರೂ ಮೂಗು ಮುರಿದರೆ ಅವಳಿಗೆ ಪಿತ್ತ ನೆತ್ತಿಗೇರುತ್ತಿತ್ತು. ಎಲ್ಲವೂ ಆಗುತ್ತದೆ ಎಂದು ಯಾರಾದರೂ ಎದೆ ತಟ್ಟಿಕೊಂಡರೂ ಅಷ್ಟೇ ಏರುತ್ತಿತ್ತು. ಅವಳ ಭಾಷಣ ಕೇಳಿ ಇಬ್ಬರು ಹುಡುಗಿಯರು ಕಂಪನಿಗೆ ಸೇರಿದ್ದು ನಿಜ. ಒಬ್ಬಳನ್ನು ಒಂದೇ ವರ್ಷದಲ್ಲಿ ಬಾವಿಯಿಂದ ತೆಗೆದು, ಗ್ರಾಹಕರ ಫೋನು ಎತ್ತುವ ಕೋಣೆಯಲ್ಲಿ ಕೂರಿಸಿದರು, ಧ್ವನಿ ಇಂಪಾಗಿದೆ ಎಂದು. ಇನ್ನೊಬ್ಬಳು ಟೂಲ್ ಬ್ಯಾಗ್ ಹೊತ್ತು ಎರಡು ವರ್ಷ ಓಡಾಡಿ, ಒಂದು ದಿನ ಲಿಫ್ಟಕ್ಕನ ಮುಂದೆ ಕೂತು ಕೇಳಿದ್ದಳು: "ಅಕ್ಕ, ನೀವೇ ಇನ್ನೂ ಸಹಾಯಕಿ ಅಂದ್ರೆ, ನಾನು ಏನ್ ನೋಡ್ಕೊಂಡು ಇಲ್ಲಿರ್ಲಿ?" ಆ ಹುಡುಗಿ ಕೆಲಸ ಬಿಟ್ಟು ಹೋದಳು. ಆ ದಿನದಿಂದ ಲಿಫ್ಟಕ್ಕನಿಗೆ ಅನ್ನ ರುಚಿಸದಾಯಿತು. ತಾನು ಕರೆದು ತಂದ ಹುಡುಗಿ, ತನ್ನ ಕಣ್ಣೆದುರೇ ಬರಿಗೈಯಲ್ಲಿ ಹೋದಳಲ್ಲ ಎಂಬ ಸಿಟ್ಟು ಅವಳನ್ನು ಬಿಡಲಿಲ್ಲ.

ಈ ವರ್ಷ ಅವಳ ಲಿಫ್ಟು ಕಂಪನಿಯ ಹೊಸ ತರಬೇತಿ ಕಟ್ಟಡದ್ದು. ಆರು ಮಹಡಿ. ಆರನೆಯದರಲ್ಲಿ ದೊಡ್ಡ ಸಭಾಂಗಣ, ಅದರ ಮೇಲೆ ತಾರಸಿ, ತಾರಸಿಯಲ್ಲಿ ಲಿಫ್ಟಿನ ಮೋಟಾರು ಕೂರಿಸಿದ ಪುಟ್ಟ ಕೋಣೆ. ಈ ಹಳಿಯಷ್ಟು ಚೆನ್ನಾಗಿ ಅವಳು ಯಾವ ಹಳಿಯನ್ನೂ ಕೂರಿಸಿರಲಿಲ್ಲ. ಹೆತ್ತವಳಿಗೆ ಹೆಗ್ಗಣ ಮುದ್ದು ಎನ್ನಬಹುದು, ಆದರೆ ಮೀಸೆಯೂ ಹಳಿಯ ಮೇಲೆ ಬೆರಳಾಡಿಸಿ ತಲೆದೂಗಿದ್ದ. ಅಷ್ಟರಲ್ಲಿ ಸುದ್ದಿ ಬಂತು. ಸಮಾವೇಶ ಇದೇ ಕಟ್ಟಡದ ಆರನೇ ಮಹಡಿಯಲ್ಲಿ. ಅದೇ ಬೆಳಿಗ್ಗೆ ಮೊದಲ ಓಟ, ಅದು ಮುಗಿಯುತ್ತಲೇ ಅತಿಥಿಗಳು ಹೊಸ ಲಿಫ್ಟಿನಲ್ಲೇ ಮೇಲೆ ಬರುವುದು. ಲಿಫ್ಟಕ್ಕ ವೇದಿಕೆಯ ಮೇಲೆ. ಮೊದಲ ಓಟ ಮೀಸೆಯದು.

ಅವಳು ಮ್ಯಾನೇಜರ ಕೋಣೆಗೆ ಹೋದಳು. "ಸಾರ್, ಒಂದೋ ಓಟದ ದಿನ ಬದಲಾಯ್ಸಿ, ಇಲ್ಲಾ ಸಮಾವೇಶಕ್ಕೆ ಬೇರೆಯವರನ್ನ ಕರೀರಿ."

ಮ್ಯಾನೇಜರು ಸಭ್ಯ ಮನುಷ್ಯ, ಗದರುವವರಲ್ಲ. ಗದರಿದರೆ ಎದುರು ಮಾತಾಡಬಹುದು, ನಗುವವರಿಗೆ ಏನು ಹೇಳುವುದು? "ನೀನಿಲ್ದೆ ಸಮಾವೇಶನಾ? ಮದುಮಗಳಿಲ್ಲದ ಮದುವೆ ಆಗುತ್ತಮ್ಮ ಅದು."

"ಮದುವೆ ನಂದು ಅಂತೀರಿ, ಊಟ ಮೀಸೆಗೆ ಬಡಿಸ್ತೀರಿ."

ಮ್ಯಾನೇಜರು ಇನ್ನೂ ನಕ್ಕರು. "ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ನೋಡೋಣ ಎಂದು ಅವಳ ಮೂಗಿಗೆ ತುಪ್ಪ ಸವರುತ್ತಾ ಬಂದು ಎಷ್ಟೋ ವರ್ಷವಾಗಿತ್ತು. ಅವಳು ಅಲ್ಲಿಂದ ಪ್ರಚಾರ ವಿಭಾಗಕ್ಕೆ ಹೋದಳು. ಅಲ್ಲಿ ಸಮಾವೇಶದ ಉಸ್ತುವಾರಿ ಹೊತ್ತ ಮೇಡಂ ಇದ್ದರು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು, ಹುರುಪಿನವರು, ಮನಸ್ಸು ಒಳ್ಳೆಯದು. ಅವರು ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: "ನೀವು ಒಂದು ಲಿಫ್ಟು ಓಡಿಸಿದ್ರೆ ಒಂದು ಲಿಫ್ಟು ಓಡುತ್ತೆ. ನೀವು ವೇದಿಕೆ ಮೇಲೆ ನಿಂತ್ರೆ ನೂರು ಹುಡುಗೀರಿಗೆ ಸ್ಫೂರ್ತಿ."

"ಆ ನೂರು ಹುಡುಗೀರು ಬಂದು ಏನ್ ಮಾಡ್ಬೇಕು ಮೇಡಂ? ನನ್ನ ಪಕ್ಕದಲ್ಲಿ ವೇದಿಕೆ ಮೇಲೆ ಕೂರ್ಬೇಕಾ?"

ಮೇಡಂಗೆ ಬೇಜಾರಾಯಿತು. "ಈ ಕಾರ್ಯಕ್ರಮ ಇಲ್ದಿದ್ರೆ ನೀವು ಅಂತ ಒಬ್ರು ಇದೀರಿ ಅನ್ನೋದೇ ಯಾರಿಗೂ ಗೊತ್ತಿರ್ತಿರ್ಲಿಲ್ಲ."

ಅದೂ ಸುಳ್ಳಲ್ಲ. ಲಿಫ್ಟಕ್ಕ ಮನೆಗೆ ಬಂದಳು. ಊಟದ ಹೊತ್ತಿಗೆ ಅತ್ತೆಯ ಮುಂದೆ ಎಲ್ಲವನ್ನೂ ಹೇಳಿದಳು. ಅತ್ತೆ ಕೈ ತೊಳೆದು ಬಂದು ಸೊಸೆಯ ಎದುರಿಗೆ ಕೂತರು.

"ಬೇಡಿಕೊಂಡೆಯಾ?"

"ಬೇಡ್ಕೊಂಡೆ ಅತ್ತೆ."

"ಬೇಡ್ಕೊಂಡದ್ದಾಯ್ತಲ್ಲ. ಇನ್ನು ಬೇರೆ ಏನ್ ಬರುತ್ತೆ ನಿಂಗೆ?"

ಗಂಡ ಹೊಲಿಗೆ ನಿಲ್ಲಿಸಿ ಇಣುಕಿದ. "ಅಮ್ಮ, ಕೆಲಸ ಹೋದೀತು, ಸುಮ್ನಿರು."

"ಹೋದ್ರೆ ನೀನು ಹೊಲೀತೀಯಲ್ಲ, ನಿನ್ನ ಕೈಯೇನು ಹೂವಾ?" ಎಂದರು ಅತ್ತೆ. ಗಂಡ ನಕ್ಕು ಮತ್ತೆ ಮಿಷನ್ನು ತುಳಿಯತೊಡಗಿದ. ಅವನಿಗೂ ಹೆಂಡತಿಯ ಹಟ ಇಷ್ಟವೇ, ಹೇಳಲು ಮಾತ್ರ ಬಾರದು.

ಸಮಾವೇಶದ ದಿನ ಬೆಳಿಗ್ಗೆ ಅವಳು ಎಲ್ಲರಿಗಿಂತ ಮುಂಚೆ ಕಟ್ಟಡಕ್ಕೆ ಬಂದಳು. ಓಟಕ್ಕೆ ಮುಂಚೆ ಹಳಿಯನ್ನು ಕೊನೆಯ ಸಲ ಒರೆಸಿ, ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡುವುದು ಬಾಕಿಯಿತ್ತು. ಓಟ ಯಾರದೇ ಆಗಲಿ, ಆ ಕೆಲಸ ಅವಳದೇ. ತಾರಸಿಯ ಮೋಟಾರು ಕೋಣೆಗೆ ಹೋಗಿ ಮುಖ್ಯ ಸ್ವಿಚ್ಚನ್ನು ಆರಿಸಿ, ಅದಕ್ಕೆ ತನ್ನ ಕೆಂಪು ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿ, ಬಾವಿಗೆ ಇಳಿದಳು.

ಈ ಬೀಗದ ವಿಷಯ ಹೇಳಲೇಬೇಕು. ಬಾವಿಗೆ ಇಳಿಯುವ ಪ್ರತಿಯೊಬ್ಬರಿಗೂ ಸ್ವಂತದ ಒಂದು ಬೀಗ, ಅದಕ್ಕೆ ಒಂದೇ ಕೀಲಿ. ಒಳಗೆ ಮನುಷ್ಯರಿರುವಾಗ ಮೇಲೆ ಯಾರೋ ಕರೆಂಟು ಕೊಟ್ಟುಬಿಟ್ಟರೆ ಗತಿಯೇನು? ಅದಕ್ಕೇ ಹಾಕಿದವರೇ ಬೀಗ ತೆಗೆಯಬೇಕು, ತಮ್ಮ ಕೈಯಾರೆ. ಹಿಂದೊಮ್ಮೆ ಅವಸರದ ಸೂಪರ್‌ವೈಸರನೊಬ್ಬ ಬೇರೆಯವರ ಬೀಗ ಕತ್ತರಿಸಿದ್ದ. ಕೆಳಗಿದ್ದ ಫಿಟ್ಟರು ಎರಡೂ ಕಾಲು ಕಳೆದುಕೊಂಡ. ಅಂದಿನಿಂದ ಆ ಕಂಪನಿಯಲ್ಲಿ ಸಂಬಳದ ಬಗ್ಗೆ, ರಜೆಯ ಬಗ್ಗೆ, ದೇವರ ಬಗ್ಗೆ ಕೂಡ ವಾದ ಮಾಡುವವರಿದ್ದರು. ಬೀಗದ ಬಗ್ಗೆ ವಾದ ಮಾಡುವವರು ಇರಲಿಲ್ಲ.

ಅವಳು ಮೇಲಿನ ನಾಲ್ಕು ಮಹಡಿಯ ಹಳಿ ಒರೆಸಿ ಮುಗಿಸುವಷ್ಟರಲ್ಲಿ ಬಾಗಿಲಿನಿಂದ ಪ್ರಚಾರದ ಮೇಡಂ ಕೂಗಿದರು. ಕೈಯಲ್ಲಿ ಹೊಸ ಕಿತ್ತಳೆ ಬಣ್ಣದ ಕೆಲಸದ ಉಡುಪು, ಇಸ್ತ್ರಿ ಮಾಡಿದ್ದು, ಮಡಿಕೆ ಮುರಿಯದ್ದು. "ಬೇಗ ಹಾಕ್ಕೊಳ್ಳಿ. ನೀವು ಹಾಕಿರೋದು ತುಂಬಾ... ಕೆಲಸದ್ದಾಗಿದೆ."

ಲಿಫ್ಟಕ್ಕನಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ಇನ್ನೂ ಎರಡು ಮಹಡಿ ಬಾಕಿ ಇದೆ ಮೇಡಂ."

"ಅದನ್ನ ಆಮೇಲೆ ಯಾರಾದ್ರೂ ನೋಡ್ಕೋತಾರೆ ಬಿಡಿ. ಫೋಟೋದವರು ಕಾಯ್ತಿದಾರೆ."

ಯಾರಾದರೂ ನೋಡಿಕೊಳ್ಳುತ್ತಾರೆ. ಹಳಿಯನ್ನು ಯಾರಾದರೂ ನೋಡಿಕೊಳ್ಳುತ್ತಾರೆ, ಓಟವನ್ನು ಯಾರಾದರೂ ಓಡಿಸುತ್ತಾರೆ, ಅವಳು ಮಾತ್ರ ಇಸ್ತ್ರಿ ಬಟ್ಟೆಯಲ್ಲಿ ನಿಲ್ಲಬೇಕು. ಅವಳು ಹೊರಗೆ ಬಂದಳು, ತಾರಸಿಗೆ ಹೋಗಿ ಮೋಟಾರು ಕೋಣೆಯಲ್ಲಿ ಹೊಸ ಉಡುಪು ಹಾಕಿಕೊಂಡಳು. ಅಭ್ಯಾಸಬಲದಿಂದ ಕೈ ಬೀಗದ ಕಡೆಗೆ ಹೋಯಿತು. ಅಲ್ಲೇ ನಿಂತಿತು. ಕೆಲಸ ಮುಗಿದಿಲ್ಲ. ಕೆಲಸ ಮುಗಿಯದೆ ಬೀಗ ತೆಗೆಯಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಅವಳು ಕೀಲಿಯನ್ನು ಹಳೆಯ ಜೇಬಿನಿಂದ ಹೊಸ ಜೇಬಿಗೆ ದಾಟಿಸಿ, ಮೆಟ್ಟಿಲಿಳಿದು ಸಭಾಂಗಣಕ್ಕೆ ಹೋಗಿ, ವೇದಿಕೆಯ ಮೇಲೆ ತನಗಿಟ್ಟ ಕುರ್ಚಿಯಲ್ಲಿ ಕೂತುಬಿಟ್ಟಳು.

ಸ್ವಲ್ಪ ಹೊತ್ತಿನಲ್ಲೇ ಕೆಳಗೆ ಗಲಾಟೆ ಶುರುವಾಯಿತು. ಮೊದಲ ಓಟ ಶುರುವಾಗುವ ಮುಂಚೆಯೇ ಅತಿಥಿಗಳು ಬಂದರು, ಲಿಫ್ಟಿನ ಗುಂಡಿ ಒತ್ತಿದರು, ಗುಂಡಿ ಕಣ್ಣು ಬಿಡಲಿಲ್ಲ. ಮೀಸೆ ತಾರಸಿಗೆ ಹೋಗಿ ನೋಡಿ ಬಂದು, "ಅಕ್ಕನ ಬೀಗ ಇದೆ ಸಾರ್" ಎಂದ. ಮ್ಯಾನೇಜರ ಮುಖದ ನಗು ಮೊದಲ ಸಲ ಮಾಯವಾಯಿತು. "ಕಟರ್ ತಗೊಂಡು ಕತ್ತರಿಸಪ್ಪ, ಅವಳು ಒಳಗಿಲ್ಲ ಅಂತ ಗೊತ್ತಿದೆಯಲ್ಲ."

ಮೀಸೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಬೇರೆಯವರ ಬೀಗ ನಾನು ಮುಟ್ಟಲ್ಲ ಸಾರ್. ಬೇಕಾದ್ರೆ ನೀವೇ ಕತ್ತರಿಸಿ." ಮ್ಯಾನೇಜರು ಕತ್ತರಿಸಲಿಲ್ಲ. ಏದುಸಿರು ಬಿಡುತ್ತಾ ಆರು ಮಹಡಿ ಹತ್ತಿ ವೇದಿಕೆಯ ಹಿಂದಿನಿಂದ ಬಂದು ಅವಳ ಕಿವಿಯ ಬಳಿ ಬಗ್ಗಿದರು.

"ಕೀಲಿ ಕೊಡು."

"ಹಾಕಿದವರೇ ತೆಗೀಬೇಕು ಸಾರ್."

"ಹಾಗಾದ್ರೆ ಹೋಗಿ ತೆಗೆದು ಬಾ."

"ತೆಗೆದ್ರೆ ಯಾರು ಓಡಿಸ್ತಾರೆ?"

"ಮೀಸೆ. ಮೊದಲೇ ಹೇಳಿದ್ನಲ್ಲ."

"ಹಾಗಾದ್ರೆ ನಾನಿಲ್ಲೇ ಕೂರ್ತೀನಿ. ನಾನಿಲ್ದೆ ಸಮಾವೇಶ ಆಗಲ್ಲ ಅಂತ ನೀವೇ ಅಂದಿದ್ರಿ."

ಶಾಲೆಯ ಹುಡುಗಿಯರು ಮೆಟ್ಟಿಲು ಹತ್ತಿ ಬಂದು ತುಂಬಿಕೊಂಡರು, ಅವರಿಗೆ ಆರು ಮಹಡಿ ಆಟದ ಹಾಗೆ. ಹಿಂದೆ ದೊಡ್ಡ ಸಾಹೇಬರು ಬೆವರೊರೆಸಿಕೊಳ್ಳುತ್ತಾ ಬಂದರು. ಎಲ್ಲರಿಗಿಂತ ಕೊನೆಗೆ, ಕಂಬಿ ಹಿಡಿದು, ಪ್ರತಿ ಮಹಡಿಯಲ್ಲೂ ನಿಂತು ನಿಂತು, ಮುಖ್ಯ ಅತಿಥಿ ಬಂದರು. ಸೇತುವೆಗಳನ್ನು ಕಟ್ಟಿ ನಿವೃತ್ತರಾದ ಹಿರಿಯ ಇಂಜಿನಿಯರಮ್ಮ. ಬೆಳ್ಳಗಿನ ಕೂದಲು, ಊದಿದ ಮಂಡಿ. ಅವರು ಕುರ್ಚಿಗೆ ಕೈಯೂರಿ ನಿಧಾನಕ್ಕೆ ಕೂರುವುದನ್ನು ಲಿಫ್ಟಕ್ಕ ನೋಡಿದಳು. ಇವರೇನು ಪಾಪ ಮಾಡಿದ್ದರು? ಎದ್ದು ಹೋಗಿ ಬೀಗ ತೆಗೆದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆಗ ಬರಿಗೈಯಲ್ಲಿ ಹೋದ ಆ ಹುಡುಗಿಯ ಮುಖ ಕಣ್ಣ ಮುಂದೆ ಬಂತು. ಅವಳು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಕೂತಳು.

ಅವಳ ಸರದಿ ಬಂತು. ಪ್ರಚಾರದ ಮೇಡಂ ಬಿರುದುಗಳನ್ನೆಲ್ಲ ಓದಿದರು. ಚಪ್ಪಾಳೆಯಾಯಿತು. ಅವಳು ಮೈಕಿನ ಮುಂದೆ ನಿಂತಳು.

"ಎಲ್ಲರಿಗೂ ನಮಸ್ಕಾರ. ಆರು ಮಹಡಿ ಹತ್ತಿ ಸುಸ್ತಾಗಿದೀರಿ. ಲಿಫ್ಟು ಕೆಟ್ಟಿದೆ ಅಂದ್ಕೋಬೇಡಿ. ಚೆನ್ನಾಗಿದೆ, ಹಳಿ ಕೂರಿಸಿದ್ದು ನಾನೇ. ಅದು ಯಾಕೆ ನಿಂತಿದೆ ಅಂದ್ರೆ, ಅದನ್ನ ಓಡಿಸ್ಬೇಕಾದೋಳು ಇಲ್ಲಿ ಮೈಕ್ ಹಿಡ್ಕೊಂಡು ನಿಂತಿದಾಳೆ."

ಹುಡುಗಿಯರು ನಕ್ಕರು. ಮುಂದಿನ ಸಾಲಿನವರು ನಗಲಿಲ್ಲ.

"ಪ್ರತಿ ವರ್ಷ ಇಲ್ಲಿ ನಿಂತು ನಿಮ್ಮಂಥವರಿಗೆ ಹೇಳ್ತೀನಿ, ಬನ್ನಿ, ಬಾಗಿಲು ತೆರೆದಿದೆ ಅಂತ. ಅದು ಸುಳ್ಳಲ್ಲ. ಬಾಗಿಲು ತೆರೆಯುತ್ತೆ. ಒಳಗೆ ಹೋಗ್ತೀರಿ, ಗುಂಡಿ ಒತ್ತುತ್ತೀರಿ, ಬಾಗಿಲು ಮುಚ್ಚುತ್ತೆ. ಸ್ವಲ್ಪ ಹೊತ್ತಾದ್ಮೇಲೆ ಮತ್ತೆ ತೆರೆಯುತ್ತೆ. ನೋಡಿದ್ರೆ ಅದೇ ನೆಲಮಹಡಿ. ನಾನು ಹದಿನಾರು ವರ್ಷದಿಂದ ನೆಲಮಹಡೀಲೇ ಇದೀನಿ. ಆದ್ರೆ ಬಾಗಿಲು ತೆರೆದಾಗೆಲ್ಲ ಎದುರಿಗೆ ಫೋಟೋ ತೆಗೆಯೋರು ನಿಂತಿರ್ತಾರೆ."

ಈಗ ಹುಡುಗಿಯರೂ ನಗಲಿಲ್ಲ. ಮೊದಲ ಓಟ ಎಂದರೇನು, ಅದು ಯಾವ ದಿನ ಬೀಳುತ್ತದೆ, ಆ ದಿನ ತಾನು ಎಲ್ಲಿರುತ್ತೇನೆ ಎನ್ನುವುದನ್ನು ಅವಳು ನಾಲ್ಕೇ ಮಾತಿನಲ್ಲಿ ಬಿಡಿಸಿ ಹೇಳಿದಳು. ದೊಡ್ಡ ಸಾಹೇಬರು ಮ್ಯಾನೇಜರ ಕಡೆ ತಿರುಗಿದರು. ಮ್ಯಾನೇಜರು ಛಾವಣಿಯ ಕಡೆ ತಿರುಗಿದರು.

"ಇಂಥ ಸಭೆ ಬೇಡ ಅಂತ ನಾನನ್ನಲ್ಲ. ನಾನು ಈ ಕೆಲಸ ಹಿಡಿದಿದ್ದೇ ಇಂಥ ಸಭೆಗೆ ಬಂದು. ಮಾಡಿ, ನೂರು ಮಾಡಿ. ನಮ್ಮ ಕೆಲಸ ಕಿತ್ಕೊಂಡು ನಮಗೆ ಸಭೆ ಮಾಡ್ಬೇಡಿ. ನನ್ನ ಭಾಷಣ ಇಷ್ಟೇ. ಎರಡು ಮಹಡಿ ಹಳಿ ಒರೆಸೋದು ಬಾಕಿ ಇದೆ, ಆಮೇಲೆ ಮೊದಲ ಓಟ. ನಾನೇ ಓಡಿಸೋದು. ಬೇಡ ಅನ್ನೋರು ಈಗ್ಲೇ ಹೇಳಿ, ನನ್ನ ಬೀಗ ಅಲ್ಲೇ ಇರುತ್ತೆ."

ಮೊದಲು ಮಾತಾಡಿದ್ದು ಇಂಜಿನಿಯರಮ್ಮ. "ಅಂದ್ರೆ ನನ್ನನ್ನ ಆರು ಮಹಡಿ ಹತ್ತಿಸಿದವಳು ನೀನೇನಾ?"

"ನಾನೇ ಅಮ್ಮ. ತಪ್ಪಾಯ್ತು, ನಿಮಗೆ ನೋವಾಯ್ತು. ಆದ್ರೆ ಮತ್ತೆ ಮಾಡ್ಬೇಕಾಗಿ ಬಂದ್ರೆ ಮತ್ತೂ ಮಾಡ್ತೀನಿ."

"ನನ್ನ ಮಂಡಿಗೆ ನಿನ್ನ ಮೇಲೆ ಕೆಂಡದಂಥ ಸಿಟ್ಟಿದೆ" ಎಂದರು ಅವರು. "ನನಗಿಲ್ಲ. ಹೋಗು, ಕೆಲಸ ನೋಡು."

ದೊಡ್ಡ ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ನೂರು ಹುಡುಗಿಯರು ತಮ್ಮನ್ನೇ ನೋಡುತ್ತಿರುವುದನ್ನು ಕಂಡು ಮುಚ್ಚಿದರು. ಲಿಫ್ಟಕ್ಕ ವೇದಿಕೆ ಇಳಿದಳು. ಪ್ರಚಾರದ ಮೇಡಂ ದಾರಿಯಲ್ಲಿ ನಿಂತಿದ್ದರು, ಕಣ್ಣು ಕೆಂಪಾಗಿತ್ತು. "ನಾನು ಎಷ್ಟು ಕಷ್ಟಪಟ್ಟು ಮಾಡಿದ್ದೆ ಗೊತ್ತಾ ಇದನ್ನ?" ಎಂದರು. ಲಿಫ್ಟಕ್ಕನಿಗೆ ಅವರ ಮೇಲೆ ನಿಜವಾಗಿಯೂ ಮರುಕ ಬಂತು. "ಗೊತ್ತು ಮೇಡಂ. ನಾನೂ ಹಳಿಯನ್ನ ಕಷ್ಟಪಟ್ಟೇ ಕೂರಿಸಿದ್ದು" ಎಂದು ಹೇಳಿ ಮುಂದೆ ನಡೆದಳು.

ಕೆಳಗಿನ ಎರಡು ಮಹಡಿಯ ಹಳಿಯನ್ನು ಅವಳು ಅವಸರ ಮಾಡದೆ ಒರೆಸಿದಳು. ಕಿತ್ತಳೆ ಉಡುಪಿಗೆ ಬೇಕಾದಷ್ಟು ಎಣ್ಣೆ ಮೆತ್ತಿತು. ತಾರಸಿಗೆ ಹೋಗಿ ತನ್ನ ಕೈಯಾರೆ ಬೀಗ ತೆಗೆದಳು. ಮೋಟಾರಿನ ಬಳಿ ಮೀಸೆ ನಿಂತ. "ಅಕ್ಕ, ಇಷ್ಟು ವರ್ಷ ನಾನೇ ಬೇಡ ಅನ್ಬಹುದಿತ್ತು" ಎಂದ, ತಲೆ ತಗ್ಗಿಸಿ.

"ಅನ್ಬಹುದಿತ್ತು. ಅನ್ಲಿಲ್ಲ" ಎಂದಳು ಅವಳು. "ಈಗ ಮೋಟಾರು ನೋಡ್ಕೋ."

ಅವಳು ಡಬ್ಬಿಯ ನೆತ್ತಿಯ ಮೇಲೆ ಹತ್ತಿ, ಹಿಡಿಕೆ ಹಿಡಿದು, ಇಳಿಯುವ ಗುಂಡಿ ಒತ್ತಿದಳು. ಡಬ್ಬಿ ಒಮ್ಮೆ ಉಸಿರೆಳೆದುಕೊಂಡಂತೆ ಮಾಡಿ ಕೆಳಗೆ ಸರಿಯಿತು. ಹಣೆಯ ದೀಪದ ಬೆಳಕಿನಲ್ಲಿ ತಾನು ಬಿಗಿದ ಒಂದೊಂದು ಬೋಲ್ಟೂ ಎದುರಿಗೆ ಬಂದು ಮೇಲೆ ಹೋಯಿತು. ಅಂಗಾಲಿಗೆ ನಡುಕ ತಾಕುತ್ತದೋ ಎಂದು ಕಾದಳು. ತಾಕಲಿಲ್ಲ. ಐದು, ನಾಲ್ಕು, ಮೂರು, ಕೆಳಗೆ. ಮತ್ತೆ ಮೇಲೆ. ಹಳಿ ಮಾತಾಡಲಿಲ್ಲ. ಹಳಿ ಮಾತಾಡದಿದ್ದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಕತ್ತಲೆಯಲ್ಲಿ ಯಾರೂ ನೋಡುತ್ತಿರಲಿಲ್ಲವಾದ್ದರಿಂದ ಅವಳು ಹಲ್ಲು ಬಿಟ್ಟು ನಕ್ಕಳು, ಕಣ್ಣಲ್ಲಿ ನೀರೂ ಬಂತು, ಎರಡನ್ನೂ ತಡೆಯಲಿಲ್ಲ.

ಆರನೇ ಮಹಡಿಗೆ ಡಬ್ಬಿಯನ್ನು ತಂದು ನಿಲ್ಲಿಸಿ, ಅವಳು ನೆತ್ತಿಯಿಂದ ತಾರಸಿಯ ಕಡೆಗೆ ಹತ್ತಿ ಹೊರಬಂದು, ಮೆಟ್ಟಿಲಲ್ಲಿ ಕೆಳಗಿಳಿದು ಲಿಫ್ಟಿನ ಬಾಗಿಲಿಗೆ ಬಂದಳು. ಸಭಾಂಗಣದವರೆಲ್ಲ ಅಲ್ಲೇ ನೆರೆದಿದ್ದರು. ಹುಡುಗಿಯರು ಒಬ್ಬರ ಹೆಗಲ ಮೇಲೊಬ್ಬರು ಇಣುಕುತ್ತಿದ್ದರು. ದೊಡ್ಡ ಸಾಹೇಬರು ಅಷ್ಟರಲ್ಲಿ ಸುಧಾರಿಸಿಕೊಂಡಿದ್ದರು, ದೊಡ್ಡವರಾಗಿದ್ದೇ ಹಾಗೆ ಬೇಗ ಸುಧಾರಿಸಿಕೊಳ್ಳುವುದರಿಂದ. "ಭೇಷ್! ಭೇಷ್!" ಎಂದು ಚಪ್ಪಾಳೆ ತಟ್ಟಿದರು. "ಬನ್ನಿ, ಮೊದಲ ಪ್ರಯಾಣ ನಾವೆಲ್ಲ ಒಟ್ಟಿಗೇ ಮಾಡೋಣ. ಇವರೂ ನಮ್ಮ ಜೊತೆ ನಿಲ್ಲಲಿ. ಫೋಟೋದವರು ಎಲ್ಲಿ?" ಮ್ಯಾನೇಜರ ನಗು ವಾಪಸ್ಸು ಬಂದಿತ್ತು. ಅವರು ಅತಿಥಿಗಳಿಗೆ ದಾರಿ ಮಾಡಿಕೊಡಲು ಮುಂದಾದರು.

ಲಿಫ್ಟಕ್ಕ ಬಾಗಿಲಿಗೆ ಅಡ್ಡವಾಗಿ ಕೈ ಚಾಚಿದಳು. "ಯಾರೂ ಹತ್ತೋ ಹಾಗಿಲ್ಲ ಸಾರ್. ಇನ್ನೂ ತೂಕದ ಪರೀಕ್ಷೆ ಆಗಿಲ್ಲ. ಪೂರ್ತಿ ಭಾರ ಹೇರಿ ಬ್ರೇಕು ಹಿಡಿಯುತ್ತಾ ಅಂತ ನೋಡ್ಬೇಕು. ಅದಕ್ಕೆ ಸಂಜೆ ಆಗುತ್ತೆ."

"ಅದನ್ನ ಸೋಮವಾರ ಮಾಡೋಣ ಅಂತ ಮೊದಲೇ ತೀರ್ಮಾನ ಆಗಿದೆಯಲ್ಲಮ್ಮ" ಎಂದರು ಮ್ಯಾನೇಜರು, ಹಲ್ಲುಗಳ ನಡುವಿನಿಂದ.

"ಅದು ನೀವು ಮೀಸೆ ಜೊತೆ ತೀರ್ಮಾನ ಮಾಡಿದ್ದು. ನನ್ನ ಜೊತೆ ಅಲ್ಲ."

ದೊಡ್ಡ ಸಾಹೇಬರ ಹುಬ್ಬು ಗಂಟಿಕ್ಕಿತು. "ಹತ್ತಬಾರದು ಅಂತ ಯಾರು ಹೇಳಿದ್ದು?"

"ಈ ಲಿಫ್ಟಿನ ಇನ್‌ಚಾರ್ಜು."

"ಯಾರದು ಇನ್‌ಚಾರ್ಜು? ಕರೀರಿ ಅವರನ್ನ."

"ನಾನು" ಎಂದಳು ಲಿಫ್ಟಕ್ಕ.

ಇಂಜಿನಿಯರಮ್ಮ ಆಗಲೇ ಕಂಬಿ ಹಿಡಿದು ಮೊದಲ ಮೆಟ್ಟಿಲು ಇಳಿದಿದ್ದರು, ಅವರ ಕೈ ಹಿಡಿದುಕೊಳ್ಳಲು ನಾಲ್ಕು ಹುಡುಗಿಯರು ಓಡಿದರು. ದೊಡ್ಡ ಸಾಹೇಬರು ಒಮ್ಮೆ ಲಿಫ್ಟಿನ ಬಾಗಿಲನ್ನು ನೋಡಿದರು, ಒಮ್ಮೆ ಅದಕ್ಕೆ ಅಡ್ಡವಾಗಿದ್ದ ಎಣ್ಣೆ ಮೆತ್ತಿದ ಕೈಯನ್ನು ನೋಡಿದರು. ಆಮೇಲೆ ಕೋಟಿನ ಗುಂಡಿ ಬಿಚ್ಚಿಕೊಂಡು, ಆರು ಮಹಡಿ ಮೆಟ್ಟಿಲು ಇಳಿಯತೊಡಗಿದರು.